ಇಪ್ಪತ್ತಾರನೆಯವನು

ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಇನ್ನು ಮುಂದೆ ಮೇಲಿನವರು ಕೆಳಗಿನವರು ಅನ್ನುವುದೇ ಇಲ್ಲ ಎಂದು ಹೊಸ ಸಲಹೆಗಾರ್ತಿ ಹೇಳಿದ ದಿನ ವರ್ಕ್‌ಶಾಪಿನಲ್ಲಿ ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮೇಸ್ತ್ರಿ.

"ಹಾಗಾದ್ರೆ ಗಿರಾಕಿಗಳಿಗೂ ಒಂದು ಮಾತು ಹೇಳ್ಬಿಡಿ ಮೇಡಂ. ಮೇಲೂ ಇಲ್ಲ, ಕೆಳಗೂ ಇಲ್ಲ ಅಂದ್ಮೇಲೆ ಲಿಫ್ಟ್ ಯಾಕೆ? ಎಲ್ಲಾ ಬಿಚ್ಚಿಟ್ಟು ಮನೆಗೆ ಹೋಗೋಣ" ಎಂದಿದ್ದ.

ಸಲಹೆಗಾರ್ತಿಯೂ ನಕ್ಕಳು. ಅವಳನ್ನು ಮಾಲೀಕರು ಹೊರಗಿನಿಂದ ಕರೆಸಿದ್ದರು. ವಯಸ್ಸು ಮೂವತ್ತರ ಆಚೀಚೆ, ಮೆತ್ತಗಿನ ಮಾತು, ಎಲ್ಲರಿಗೂ ಎದ್ದು ನಿಂತು ನಮಸ್ಕಾರ. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಮೇಸ್ತ್ರಿಗೆ ಎಷ್ಟೋ ಅನುಕೂಲವಾಗುತ್ತಿತ್ತು, ಬೈದುಕೊಂಡಾದರೂ ಇರಬಹುದಿತ್ತು.

ಅವಳು ಹಲಗೆಯ ಮೇಲೆ ಮೊದಲು ಒಂದು ಏಣಿ ಬರೆದಳು. "ಈ ಕಾಲದಲ್ಲಿ ಕಂಪನಿ ಆಸ್ತಿ ಅಂದ್ರೆ ಮೋಟಾರಲ್ಲ, ಸ್ಪ್ಯಾನರಲ್ಲ. ನಿಮ್ಮ ತಲೇಲಿರೋ ತಿಳಿವಳಿಕೆ. ಅದು ಈ ಏಣಿ ಹತ್ಕೊಂಡು ಮೇಲೆ ಹೋಗಿ, ಅಪ್ಪಣೆ ಆಗಿ ಕೆಳಗೆ ಇಳಿಯೋ ಹೊತ್ತಿಗೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರ ಗತಿ ಏನು?" ಮೇಸ್ತ್ರಿ ತಲೆಯಾಡಿಸಿದ. ಇದನ್ನೇ ಅವನು ಇಪ್ಪತ್ತು ವರ್ಷ ಮೂರು ಮ್ಯಾನೇಜರುಗಳ ಮುಂದೆ ಬಡಕೊಂಡಿದ್ದ. ಆಮೇಲೆ ಅವಳು ಏಣಿಯನ್ನು ಒರೆಸಿ ಐದು ವೃತ್ತ ಬರೆದಳು. ಒಂದೊಂದೂ ಒಂದು ಬಳಗ. ಬಳಗಕ್ಕೆ ಐದು ಜನ. ತಮ್ಮ ಪಾಲಿನ ಲಿಫ್ಟುಗಳಿಗೆ ಅವರೇ ಹೊಣೆ, ಕೆಲಸ ನೋಡಿ ಅವರಿಗೆ ಮಾರ್ಕ್ಸು, ಯಾರನ್ನು ಇಟ್ಟುಕೊಳ್ಳಬೇಕು ಬಿಡಬೇಕು ಎಂಬುದೂ ಅವರದೇ ತೀರ್ಮಾನ. ಒಬ್ಬೊಬ್ಬರೂ ತಮಗೆ ಗೊತ್ತಿರುವುದನ್ನು ಕಂಪ್ಯೂಟರಿನಲ್ಲಿ 'ಕಣಜ' ಎಂಬ ಜಾಗಕ್ಕೆ ತುಂಬಬೇಕು. ಆರು ವಾರ ಗಡುವು. ಅಷ್ಟರೊಳಗೆ ಯಾವ ಬಳಗಕ್ಕೂ ಸೇರದವರಿಗೆ ಕಂಪನಿಯಲ್ಲಿ ಜಾಗವಿಲ್ಲ.

ಮೇಸ್ತ್ರಿ ಲೆಕ್ಕ ಹಾಕಿದ್ದು ಮನೆಗೆ ಬಂದು ಕೈಕಾಲು ತೊಳೆಯುವಾಗ. ಐದೈದಲೆ ಇಪ್ಪತ್ತೈದು. ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್‌ಗಳು ಇಪ್ಪತ್ತೈದು ಜನ. ಅವನು ಇಪ್ಪತ್ತಾರನೆಯವನು. ನಲ್ಲಿಯನ್ನು ಹಾಗೇ ಬಿಟ್ಟುಕೊಂಡು ನಿಂತಿದ್ದನಂತೆ, ಹೆಂಡತಿ ಬಂದು ನಿಲ್ಲಿಸಿದಳು.

ಮನೆ ಅಂದರೆ ವರ್ಕ್‌ಶಾಪಿನ ಹಿಂದೆಯೇ ಕಂಪನಿ ಕೊಟ್ಟ ಎರಡು ಕೋಣೆ. ಕೆಲಸ ಹೋದರೆ ಒಂದು ತಿಂಗಳಲ್ಲಿ ಖಾಲಿ ಮಾಡಬೇಕು. ಮುಂಗೋಣೆಯ ಕಿಟಕಿಯ ಬಳಿ ಹೆಂಡತಿಯ ಹೊಲಿಗೆ ಯಂತ್ರ. ಒಳಗೋಣೆಯಲ್ಲಿ ಮಗಳು, ನಾಲ್ಕು ವರ್ಷದ ಮೊಮ್ಮಗಳು. ಮೂರು ತಿಂಗಳ ಹಿಂದೆ ಮಗಳು ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು, ಮಗುವನ್ನು ಇನ್ನೊಂದು ಕಂಕುಳಲ್ಲಿ ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. "ಅಪ್ಪಾ, ನಾನು ಇನ್ನು ಆ ಮನೆಗೆ ಹೋಗಲ್ಲ" ಎಂದಿದ್ದಳು. "ಹೋಗ್ಬೇಡ. ಈ ಮನೆ ಇದೆಯಲ್ಲ" ಎಂದಿದ್ದ ಮೇಸ್ತ್ರಿ. ಬದುಕಿನಲ್ಲಿ ಅವನು ಆಡಿದ ಮಾತುಗಳಲ್ಲಿ ಅದೊಂದು ದೊಡ್ಡ ಮಾತು. ಈ ಮನೆ ಇಲ್ಲವಾದರೆ ಮಗಳು ಎಲ್ಲಿಗೆ ಹೋಗಬೇಕಾಗುತ್ತದೆ ಎಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು, ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದ ಆ ಅಳಿಯನಿಗೂ ಗೊತ್ತು. ಐವತ್ತಾರು ವರ್ಷದವನನ್ನು ಕರೆದು ಕೆಲಸ ಕೊಡುವವರು ಯಾರೂ ಇಲ್ಲ.

ಮೊದಲ ವಾರ ಅವನಿಗೆ ಧೈರ್ಯವಿತ್ತು. ತಿಳಿವಳಿಕೆಗೆ ಬೆಲೆ ಅಂದಮೇಲೆ ತನಗಿಂತ ತಿಳಿದವರು ಅಲ್ಲಿ ಯಾರಿದ್ದಾರೆ? ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ಟಿದ. ಬಾಗಿಲಿನ ಹಳಿಯಲ್ಲಿ ಕಸ ಕೂತರೆ ಎಂಥ ಸದ್ದು ಬರುತ್ತದೆ, ಹಗ್ಗ ಸವೆದರೆ ಎಂಥ ಸದ್ದು ಬರುತ್ತದೆ, ಎರಡನ್ನೂ ಕಣ್ಣು ಮುಚ್ಚಿಕೊಂಡು ಹೇಗೆ ಗುರುತು ಹಿಡಿಯಬೇಕು ಎಂದು ಬರೆದ. ಒತ್ತಿದ. ಪರದೆಯ ಮೇಲೆ ಒಂದು ಸಾಲು ಬಂತು: 'ಈ ತಿಳಿವಳಿಕೆ ಈಗಾಗಲೇ ಕಣಜದಲ್ಲಿದೆ.' ಕೊಟ್ಟವರ ಜಾಗದಲ್ಲಿ ಅವನ ಶಿಷ್ಯ ಎಡಚನ ಹೆಸರಿತ್ತು. ಇನ್ನೊಂದು ಬರೆದ, ಅದೂ ಇತ್ತು, ಇನ್ಯಾರದೋ ಹೆಸರಲ್ಲಿ. ಮೂರು ದಿನ ಕೂತು ನಲವತ್ತೊಂದು ಬರೆದ. ನಲವತ್ತೊಂದೂ ಇದ್ದವು.

ಇರದೆ ಏನು? ಹೊಸಬ ಯಾರೇ ಬರಲಿ, ಮೇಸ್ತ್ರಿ ಮೊದಲ ದಿನವೇ ಅವನ ಕೈಗೆ ಒಂದು ನೋಟ್‌ಬುಕ್ ಕೊಡುತ್ತಿದ್ದ. ತಾನು ಹೇಳುವುದು, ಅವನು ಬರೆದುಕೊಳ್ಳುವುದು. "ಕೈ ಬರೀದೇ ಇದ್ದದ್ದು ಕೈಗೆ ನೆನಪಿರಲ್ಲ ಕಣೋ" ಎಂಬುದು ಅವನ ಪಾಠ. ಹಾಗೆ ಇಪ್ಪತ್ತೈದು ನೋಟ್‌ಬುಕ್ಕುಗಳು, ಇಪ್ಪತ್ತೈದು ಕೈಬರಹಗಳು. ಮೇಸ್ತ್ರಿ ಮಾತ್ರ ತನಗೆಂದು ಒಂದು ಸಾಲೂ ಬರೆದಿಟ್ಟುಕೊಂಡವನಲ್ಲ. ತಲೆಯಲ್ಲೇ ಇದ್ದಮೇಲೆ ಪುಸ್ತಕ ಯಾಕೆ ಎಂಬ ಜಂಬ. ಹುಡುಗರು ತಮ್ಮ ನೋಟ್‌ಬುಕ್ ನೋಡಿಕೊಂಡು ಮೊದಲ ಎರಡೇ ದಿನಗಳಲ್ಲಿ ಕಣಜ ತುಂಬಿಬಿಟ್ಟಿದ್ದರು. ಕದ್ದದ್ದೇನಲ್ಲ, ಅವರಿಗೆ ಗೊತ್ತಿದ್ದದ್ದನ್ನು ಅವರು ಬರೆದಿದ್ದರು.

ಸಲಹೆಗಾರ್ತಿಯ ಬಳಿಗೆ ಹೋದ. "ಅದೆಲ್ಲಾ ನಾನೇ ಹೇಳ್ಕೊಟ್ಟಿದ್ದು ಮೇಡಂ" ಎಂದ.

"ಗೊತ್ತು ಸರ್. ಎಲ್ಲರೂ ಅದನ್ನೇ ಹೇಳ್ತಾರೆ. ಆದ್ರೆ ಕಣಜಕ್ಕೆ ಯಾರು ಕೊಟ್ರು ಅಂತ ಮಾತ್ರ ಬರುತ್ತೆ, ಅವರು ಯಾರಿಂದ ಕಲಿತ್ರು ಅಂತ ಬರೆಯೋಕೆ ಜಾಗ ಇಲ್ಲ. ಅದು ನಮ್ಮದೇ ತಪ್ಪು. ಮುಂದಿನ ಸಲ ಸೇರಿಸ್ತೀವಿ."

"ಮುಂದಿನ ಸಲ ಅಂದ್ರೆ?"

"ಬೇರೆ ಕಂಪನೀಲಿ" ಎಂದಳು ಅವಳು. ಹೇಳಿದ ಮೇಲೆ ಅವಳಿಗೇ ಕೆಟ್ಟದ್ದೆನಿಸಿತೋ ಏನೋ, ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು. "ಯಾರಿಗೂ ಗೊತ್ತಿಲ್ಲದ್ದು, ಕಣಜದಲ್ಲಿಲ್ಲದ್ದು ಏನಾದ್ರೂ ನಿಮ್ಮ ಹತ್ರ ಇದ್ರೆ ಹೇಳಿ ಸರ್. ಒಂದೇ ಒಂದು ಸಾಕು. ನಿಮಗೆ ಜಾಗ ಮಾಡಿಸಿಕೊಡೋದು ನನ್ನ ಜವಾಬ್ದಾರಿ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇಪ್ಪತ್ತೆಂಟು ವರ್ಷದ ಸರ್ವಿಸು ತೆಗೆದುಬಿಟ್ಟಳಲ್ಲ ಎಂದುಕೊಂಡು ಮೇಸ್ತ್ರಿ ಹೊರಗೆ ಬಂದ. ಮನೆಯಲ್ಲಿ ಹೇಳಿದಾಗ ಹೆಂಡತಿ ಹೊಲಿಗೆ ನಿಲ್ಲಿಸದೆಯೇ, "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ನಾನು ಅವತ್ತೇ ಹೇಳಿರ್ಲಿಲ್ವಾ, ಒಂದೆರಡಾದ್ರೂ ನಿಮ್ಮ ಹತ್ರ ಇಟ್ಕೊಳ್ಳಿ ಅಂತ?" ಎಂದಳು. ಹೇಳಿದ್ದು ನಿಜ. ಅವನು ಆಗ ಅವಳನ್ನು ಜುಗ್ಗಿ ಎಂದು ಗೇಲಿ ಮಾಡಿದ್ದ.

ಎರಡನೆಯ ವಾರ, ಮೂರನೆಯ ವಾರ ಬಳಗಗಳ ಬಾಗಿಲು ತಟ್ಟಿದ. ತಾನು ಕೈ ಹಿಡಿದು ಸ್ಕ್ರೂ ತಿರುಗಿಸಲು ಕಲಿಸಿದವರ ಮುಂದೆ ಕೈ ಕಟ್ಟಿಕೊಂಡು ನಿಂತ. ಯಾರೂ ಅವಮಾನ ಮಾಡಲಿಲ್ಲ. ಕುರ್ಚಿ ಹಾಕಿದರು, ಚಹಾ ಕೊಟ್ಟರು, ನೆಲ ನೋಡಿದರು. ನಾಲ್ಕು ಬಳಗಗಳಲ್ಲಿ ಹೀಗೇ ಆಯಿತು. ಐದನೆಯದು ಎಡಚನ ಬಳಗ.

ಎಡಚನೆಂದರೆ ಮೇಸ್ತ್ರಿಗೆ ಹೊಟ್ಟೆಯಲ್ಲಿ ಹುಟ್ಟದ ಮಗ. ಹದಿಮೂರು ವರ್ಷದ ಹಿಂದೆ ಬಂದಾಗ ಎಡಗೈಯ ಇವನಿಂದ ಕೆಲಸ ಆಗದು ಎಂದು ಮ್ಯಾನೇಜರು ಕಳಿಸಿಬಿಡಲು ಹೊರಟಿದ್ದ. ಮೇಸ್ತ್ರಿ ಒಂದು ತಿಂಗಳು ತಾನೇ ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು, ಬೆರಳು ಜಜ್ಜಿಸಿಕೊಂಡು, ಎಡಗೈಯವನಿಗೆ ಹೇಗೆ ಕಲಿಸಬೇಕೆಂದು ಮೊದಲು ತಾನು ಕಲಿತಿದ್ದ. ಈಗ ಎಡಚನಿಗೆ ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳು. ಇಡೀ ವರ್ಕ್‌ಶಾಪಿನಲ್ಲಿ ಅವನಷ್ಟು ಅಚ್ಚುಕಟ್ಟಿನ ಕೆಲಸಗಾರನಿಲ್ಲ.

ತನ್ನ ಬಳಗದವರ ಜೊತೆ ಜಗಳವಾಡಿ ಬಂದ ಎಡಚ ವರ್ಕ್‌ಶಾಪಿನ ಗೋಡೆಗೆ ಒರಗಿ ನಿಂತು ಹೇಳಿದ: "ಒಪ್ತಾ ಇಲ್ಲ ಮೇಸ್ತ್ರೀ. ಐದೇ ಜನ ಅಂತ ನಿಯಮ, ಅದೊಂದು. ಇನ್ನೊಂದು... ನೀವು ಬೇಜಾರ್ ಮಾಡ್ಕೋಬಾರ್ದು. ಮೇಸ್ತ್ರಿ ಬಂದ್ರೆ ನಾವ್ಯಾರೂ ಯೋಚ್ನೆ ಮಾಡಲ್ಲ, ಅವರ ಮುಖ ನೋಡ್ತಾ ಕೂರ್ತೀವಿ, ಆಮೇಲೆ ನಮಗೆ ಮಾರ್ಕ್ಸು ಬರಲ್ಲ ಅಂತಾರೆ."

ಅದು ಸುಳ್ಳಲ್ಲ ಎಂಬುದು ಮೇಸ್ತ್ರಿಗೂ ಗೊತ್ತಿತ್ತು. ಏಣಿ ತೆಗೆದವರು ಏಣಿಯ ಜೊತೆ ಅದರ ಮೇಲಿದ್ದವನನ್ನೂ ತೆಗೆಯಲೇಬೇಕು. ತಾನೇ ಆ ಸಲಹೆಗಾರ್ತಿಯ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆನೇನೋ ಅನ್ನಿಸಿತು. ಅಂದು ಊಟ ಸೇರಲಿಲ್ಲ. ಮೊಮ್ಮಗಳು ಬಂದು ಗಡ್ಡ ಎಳೆದರೆ ಗದರಿಬಿಟ್ಟ. ಮಗು ಅಳಲಿಲ್ಲ, ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡಿತು. ಗದರಿದವರಿಂದ ಹಾಗೆ ಅಡಗಿಕೊಳ್ಳುವುದನ್ನು ಅದು ಅಪ್ಪನ ಮನೆಯಲ್ಲಿ ಕಲಿತು ಬಂದಿತ್ತು. ಮೇಸ್ತ್ರಿ ನೆಲದ ಮೇಲೆ ಮಲಗಿ, ಮಂಚದ ಕೆಳಗೆ ಕೈ ಚಾಚಿ, ಅದನ್ನು ಹೊರಗೆ ಕರೆಯಲು ಅರ್ಧ ಗಂಟೆ ಒದ್ದಾಡಿದ. ಆ ಅರ್ಧ ಗಂಟೆಯಲ್ಲೇ ಅವನಿಗೆ ಕಣ್ಣಾಸ್ಪತ್ರೆಯ ಲಿಫ್ಟ್ ನೆನಪಾದದ್ದು.

ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವನ ಬಳಿ ಇತ್ತು. ಕಣ್ಣಾಸ್ಪತ್ರೆಯದು ಆರು ಮಹಡಿ, ಹಳೆಯ ಲಿಫ್ಟ್. ನಾಲ್ಕನೆಯ ಮಹಡಿಯ ಬಾಗಿಲಿನ ಬೀಗದೊಳಗೆ ಒಂದು ತಾಮ್ರದ ಪಟ್ಟಿ ಇರುತ್ತದೆ. ಬಾಗಿಲು ಮುಚ್ಚಿದಾಗ ಅದು ತಾಗಬೇಕು, ತಾಗಿದರೆ ಮಾತ್ರ ಲಿಫ್ಟ್ ಚಲಿಸುತ್ತದೆ. ಒಂಬತ್ತು ವರ್ಷದ ಹಿಂದೆ ಅದು ಮುರಿದಾಗ ಆ ಭಾಗ ತಯಾರಿಸುವ ಕಂಪನಿಯೇ ಮುಚ್ಚಿಹೋಗಿತ್ತು. ಮೇಸ್ತ್ರಿ ತಾನೇ ಒಂದು ತಾಮ್ರದ ತಗಡು ಕತ್ತರಿಸಿ, ಹಳೆಯದರ ಹಾಗೇ ಕಾಣುವಂತೆ ಉಜ್ಜಿ ಕೂರಿಸಿದ್ದ. ತಿಂಗಳಾಗುವಷ್ಟರಲ್ಲಿ ಅದು ಸಡಿಲವಾಗುತ್ತಿತ್ತು. ಸಡಿಲವಾದರೆ ಅಪಾಯವೇನಿಲ್ಲ, ಬಾಗಿಲು ತೆರೆದಿದೆ ಎಂದುಕೊಂಡು ಲಿಫ್ಟ್ ನಿಲ್ಲುತ್ತದೆ. ಪ್ರತಿ ತಿಂಗಳ ಮೊದಲ ಭಾನುವಾರ ಆಸ್ಪತ್ರೆಯ ಕಾವಲುಗಾರನನ್ನು ಮಾತಾಡಿಸುವ ನೆಪದಲ್ಲಿ ಹೋಗಿ, ಇಕ್ಕಳದಿಂದ ಅದನ್ನು ಒಂದಿಷ್ಟು ಬಾಗಿಸಿ ಬರುತ್ತಿದ್ದ. ಒಬ್ಬರಿಗೂ ಹೇಳಿರಲಿಲ್ಲ, ನಾಚಿಕೆ. ತೇಪೆ ಕೆಲಸ ಮಾಡಿದವರ ಕೈ ಮುರೀತೀನಿ ಎಂದು ಊರಿಗೆಲ್ಲ ಬುದ್ಧಿ ಹೇಳುವವನೇ ತೇಪೆ ಹಾಕಿದ್ದ.

ಅದನ್ನು ಕಣಜಕ್ಕೆ ಬರೆಯಲೆಂದು ಒಂದು ದಿನ ಕೂತ. ಅರ್ಧ ಬರೆದು ಅಳಿಸಿದ. ಬರೆದರೆ ಒಂಬತ್ತು ವರ್ಷದ ಕಳ್ಳಕೆಲಸ ಬಯಲಾಗುತ್ತದೆ, ಅದೊಂದೇ ಸಾಕು ಹೊರಗೆ ಹಾಕಲು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಬರೆದ ಮರುಕ್ಷಣ ಅದು ಎಲ್ಲರದೂ ಆಗುತ್ತದೆ, ಇಕ್ಕಳ ಇರುವ ಯಾವನಾದರೂ ಹೋಗಿ ಬಾಗಿಸುತ್ತಾನೆ. ಕಣಜದೊಳಗೆ ಹೋದ ಕಾಳು ಯಾರ ಹೊಲದ್ದೆಂದು ಕೇಳುವವರುಂಟೆ? ಬರೆಯಬಾರದು. ಲಿಫ್ಟ್ ನಿಲ್ಲಬೇಕು, ಯಾರಿಂದಲೂ ಆಗಬಾರದು, ಆಮೇಲೆ ತನ್ನನ್ನು ಕರೆಯಬೇಕು.

ಕಣ್ಣಾಸ್ಪತ್ರೆ ಎಡಚನ ಪಾಲಿಗೆ ಬಂದಿದೆ ಎಂಬುದು ಅವನಿಗೆ ಗೊತ್ತಿತ್ತು. ಒಂದೆರಡು ಗಂಟೆ ನಿಂತರೆ ಏನಾಗುತ್ತದೆ, ಎಡಚನಿಗೆ ಅಷ್ಟು ಒಳ್ಳೆಯ ಹೆಸರಿದೆ ಎಂದು ಮನಸ್ಸಿಗೆ ಹೇಳಿಕೊಂಡ. ಮನಸ್ಸು ಒಪ್ಪಿತು. ಗಂಡಾಂತರದಲ್ಲಿರುವವನ ಮನಸ್ಸು ಏನು ಹೇಳಿದರೂ ಒಪ್ಪುತ್ತದೆ.

ಐದನೆಯ ವಾರದಲ್ಲಿ ಆ ಭಾನುವಾರ ಬಂತು. "ಅಪ್ಪಾ, ಇವತ್ತು ಆಸ್ಪತ್ರೆ ಕಡೆ ಹೋಗಲ್ವಾ?" ಎಂದು ಮಗಳು ಕೇಳಿದಳು.

"ಮಂಡಿ ನೋವು" ಎಂದ ಮೇಸ್ತ್ರಿ.

ಅದಾದ ಮೇಲೆ ಒಂದು ವಾರ ಏನೂ ಆಗಲಿಲ್ಲ. ಗಡುವಿಗೆ ಐದು ದಿನ ಉಳಿದಿರುವಾಗ, ಮಂಗಳವಾರ, ಲಿಫ್ಟ್ ಹತ್ತು ನಿಮಿಷ ನಿಂತು ತಾನಾಗಿಯೇ ಹೊರಟಿತು. ಬುಧವಾರ ಎರಡು ಸಲ ನಿಂತಿತು. ಗುರುವಾರ ಎಡಚ ಇಡೀ ದಿನ ಮೋಟಾರಿನ ಕೋಣೆಯಲ್ಲಿ ಕೂತ. ಸಂಜೆ ಮುಖ ಮೈಯೆಲ್ಲ ಗ್ರೀಸ್ ಮಾಡಿಕೊಂಡು ಮೇಸ್ತ್ರಿಯ ಮನೆಗೇ ಬಂದ.

"ಎಲ್ಲಾ ಸರಿ ಇದೆ ಮೇಸ್ತ್ರೀ. ಒಂದೊಂದೂ ಬಿಚ್ಚಿ ನೋಡ್ದೆ. ಆದ್ರೂ ನಿಲ್ತದೆ. ಏನಿರಬಹುದು?"

ಬಾಯಿ ತೆರೆದರೆ ಸಾಕಿತ್ತು. ಮೇಸ್ತ್ರಿಯ ನಾಲಗೆಯ ತುದಿಗೆ ಬಂದೂ ಬಂತು. ಒಳಗೆ ಮಗಳು ಫೋನಿನಲ್ಲಿ ತಗ್ಗಿದ ದನಿಯಲ್ಲಿ ಯಾರನ್ನೋ ಬೇಡಿಕೊಳ್ಳುತ್ತಿದ್ದಳು, ಅಳಿಯನದೇ ಕರೆ ಇರಬೇಕು.

"ಕಣಜದಲ್ಲಿ ನೋಡ್ದೆಯಾ?" ಎಂದ ಮೇಸ್ತ್ರಿ.

"ನೋಡ್ದೆ. ಇಲ್ಲ."

"ಇನ್ನೊಂದ್ಸಲ ನೋಡು."

ಎಡಚ ಒಂದು ಕ್ಷಣ ಅವನನ್ನೇ ನೋಡಿದ. ಹದಿಮೂರು ವರ್ಷದಲ್ಲಿ ಮೇಸ್ತ್ರಿ ಅವನಿಗೆ ಹೀಗೆ ಉತ್ತರ ಕೊಟ್ಟಿರಲಿಲ್ಲ. ಆದರೂ ಅದರಲ್ಲೇ ಏನೋ ಪಾಠವಿದೆ ಎಂದುಕೊಂಡು ತಲೆಯಾಡಿಸಿ ಹೋದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ನಿಂತ ಲಿಫ್ಟ್ ಮತ್ತೆ ಹೊರಡಲಿಲ್ಲ. ಒಳಗಿದ್ದವರನ್ನು ಎಡಚ ಕೈಯಿಂದಲೇ ಮೋಟಾರಿನ ಗಾಲಿ ತಿರುಗಿಸಿ ಕೆಳಗಿಳಿಸಿದ. ಅವರೇನೋ ಕ್ಷೇಮ. ಆದರೆ ಆಪರೇಷನ್ ಕೋಣೆ ಇರುವುದು ಆರನೆಯ ಮಹಡಿಯಲ್ಲಿ, ಅಂದು ಮೂವತ್ತು ಜನರಿಗೆ ಆಪರೇಷನ್. ಮಧ್ಯಾಹ್ನ ಮೂರಕ್ಕೆ ಕಂಪನಿಯ ಕಾರು ಬಂದು ಮೇಸ್ತ್ರಿಯನ್ನು ಕರೆದುಕೊಂಡು ಹೋಯಿತು. ಕಾರಿನಲ್ಲಿ ಕೂತವನ ಎದೆ ಹೊಡೆದುಕೊಳ್ಳುತ್ತಿತ್ತು. ಭಯಕ್ಕಲ್ಲ, ಸಂತೋಷಕ್ಕೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವನಿಗೆ ಸಂತೋಷವೇ ಆಗಿತ್ತು.

ಆಸ್ಪತ್ರೆಯ ಮೆಟ್ಟಿಲು ತುಂಬ ಜನ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕ ಮುದುಕಿಯರನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬಿಬ್ಬರು ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದರು. ಎಡಚ ಒಬ್ಬ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಇಳಿಯುತ್ತಿದ್ದ. ಅಜ್ಜಿ ಅವನ ಕುತ್ತಿಗೆ ಬಿಗಿಯಾಗಿ ಹಿಡಿದು, "ಇನ್ನೂ ಎಷ್ಟಿದೆ ಮಗಾ, ಇನ್ನೂ ಎಷ್ಟಿದೆ?" ಎನ್ನುತ್ತಿದ್ದಳು. ಮೇಸ್ತ್ರಿಯನ್ನು ಕಂಡು ಎಡಚನ ಮುಖ ಅರಳಿತು. "ಬಂದ್ರಾ ಮೇಸ್ತ್ರೀ, ಇನ್ನು ಯೋಚ್ನೆ ಇಲ್ಲ" ಎಂದ.

ನಾಲ್ಕನೆಯ ಮಹಡಿಯಲ್ಲಿ ಎಲ್ಲರನ್ನೂ ದೂರ ನಿಲ್ಲಿಸಿ, ಬೆನ್ನು ಅಡ್ಡ ಮಾಡಿಕೊಂಡು, ಬೀಗದ ಮುಚ್ಚಳ ತೆಗೆದು, ಇಕ್ಕಳದಲ್ಲಿ ಪಟ್ಟಿಯನ್ನು ಒಂದಿಷ್ಟು ಬಾಗಿಸಿದ. ಕೆಲಸ ಒಂದು ನಿಮಿಷದ್ದು, ಹತ್ತು ನಿಮಿಷ ಅಲ್ಲೇ ನಿಂತಿದ್ದ. ಲಿಫ್ಟ್ ಹೊರಟಿತು. ಯಾರೋ ಚಪ್ಪಾಳೆ ತಟ್ಟಿದರು.

"ಏನು ಮಾಡಿದ್ರಿ ಸರ್?" ಎಂದು ಬೆಳಿಗ್ಗೆಯಿಂದ ಅಲ್ಲೇ ಇದ್ದ ಸಲಹೆಗಾರ್ತಿ ಬೆರಗಾಗಿ ಕೇಳಿದಳು.

"ಕೈಗೆ ಗೊತ್ತು ಮೇಡಂ. ಬಾಯಿಗೆ ಬರಲ್ಲ."

"ಇದೇ! ಬರೆದಿಡೋಕೆ ಆಗದ ತಿಳಿವಳಿಕೆ! ಇಂಥದ್ದನ್ನೇ ನಾನು ಹುಡುಕ್ತಾ ಇದ್ದೆ" ಎಂದಳು ಅವಳು. ಪಾಪ, ಅವಳ ಕಣ್ಣಲ್ಲಿ ನೀರೇ ಬಂದಿತ್ತು.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿನ ಗೋಡೆಗೆ ಬಳಗಗಳ ಪಟ್ಟಿ ಅಂಟಿಸಿದರು. ಐದನೆಯ ಬಳಗದಲ್ಲಿ ಮೇಸ್ತ್ರಿಯ ಹೆಸರಿತ್ತು. ಓಡಿಹೋಗಿ ಮನೆಯಲ್ಲಿ ಹೇಳಿದ. ಹೆಂಡತಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ಮಗಳು ಮೂರು ತಿಂಗಳಲ್ಲಿ ಮೊದಲ ಸಲ ಜೋರಾಗಿ ನಕ್ಕಳು. ಅದನ್ನೆಲ್ಲ ಕಣ್ತುಂಬ ನೋಡಿಕೊಂಡು, ಇನ್ನೊಮ್ಮೆ ತನ್ನ ಹೆಸರು ಓದುವ ಆಸೆಯಿಂದ ವಾಪಸು ಹೋದಾಗಲೇ ಅವನು ಉಳಿದ ಹೆಸರುಗಳನ್ನು ಎಣಿಸಿದ್ದು. ಐದನೆಯ ಬಳಗದಲ್ಲಿ ಐದೇ ಹೆಸರುಗಳಿದ್ದವು. ಎಡಚನದು ಯಾವ ಬಳಗದಲ್ಲೂ ಇರಲಿಲ್ಲ.

ಜಾಗ ಮಾಡಿಸಿಕೊಡುತ್ತೇನೆ ಎಂದು ಸಲಹೆಗಾರ್ತಿ ಹೇಳಿದ್ದಳಲ್ಲ, ಎಲ್ಲಿಂದ ಎಂದು ಮೇಸ್ತ್ರಿ ಕೇಳಿರಲಿಲ್ಲ. ಆರು ಗಂಟೆ ನಿಂತ ಲಿಫ್ಟು ಎಡಚನ ಲೆಕ್ಕಕ್ಕೆ ಬಿದ್ದಿತ್ತು, ಅವನ ಬಳಗದ ನಾಲ್ವರೂ ಕೈ ಎತ್ತಿ ತೀರ್ಮಾನ ಮಾಡಿದ್ದರು. ಮೊದಲಿನ ಕಾಲವಾಗಿದ್ದರೆ ಮ್ಯಾನೇಜರನ ಕಾಲಾದರೂ ಹಿಡಿಯಬಹುದಿತ್ತು. ಈಗ ಹಿಡಿಯಲು ಯಾರ ಕಾಲೂ ಇಲ್ಲ. ಮೇಸ್ತ್ರಿ ಆ ನಾಲ್ವರ ಬಳಿಗೆ ಹೋಗಿ, ಅವನನ್ನು ಬಿಡಬೇಡಿ ಎಂದು ಬಾಯಿ ಬಿಡಲು ನೋಡಿದ. "ಹಾಗಾದ್ರೆ ನೀವು ಬಿಡ್ತೀರಾ ಮೇಸ್ತ್ರೀ?" ಎಂದು ಅವರಲ್ಲೊಬ್ಬ ನೇರವಾಗಿ ಕೇಳಿದ. ಮೇಸ್ತ್ರಿ ಅಲ್ಲಿಂದ ಎದ್ದು ಬಂದ.

ಮಧ್ಯಾಹ್ನ ಎಡಚ ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ.

"ನಿಮಗೆ ಸಿಕ್ತಲ್ಲ ಮೇಸ್ತ್ರೀ, ಅದೊಂದೇ ಸಮಾಧಾನ. ಅಕ್ಕನಿಗೆ, ಮಗೂಗೆ ನೆಲೆ ಆಯ್ತು" ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಾಡುವುದು ಅವನಿಗೆ ಬರುತ್ತಲೂ ಇರಲಿಲ್ಲ. ಆಮೇಲೆ ಕೇಳಿದ: "ಒಂದು ಹೇಳಿ. ನಾಳೆ ಬೇರೆ ಕಡೆ ಕೆಲ್ಸ ಸಿಕ್ಕಿದ್ರೂ ಅದೇ ತಪ್ಪು ಮಾಡಬಾರ್ದಲ್ಲ. ನಾನು ಎಲ್ಲಿ ಎಡವಿದೆ?"

ಮೇಸ್ತ್ರಿಯ ಹಿಂದೆ, ಮುಂಗೋಣೆಯಲ್ಲಿ, ಮಗಳು ಮಗುವಿಗೆ ತಲೆ ಬಾಚುತ್ತಿದ್ದಳು. ಬಾಚಣಿಗೆಯ ಸದ್ದು ನಿಂತಿತು, ಅವಳೂ ಕೇಳಿಸಿಕೊಳ್ಳುತ್ತಿದ್ದಳು.

"ನಾಲ್ಕನೇ ಮಹಡಿ ಬೀಗದಲ್ಲಿ ಧೂಳು ಕೂತಿತ್ತು" ಎಂದ ಮೇಸ್ತ್ರಿ. "ನೀನು ಸರಿಯಾಗಿ ಒರೆಸಿರ್ಲಿಲ್ಲ."

ಎಡಚ ಹುಬ್ಬು ಗಂಟು ಹಾಕಿ ನೆನಪು ಮಾಡಿಕೊಂಡ. ಗುರುವಾರ ತಾನು ಅದನ್ನು ಎರಡು ಸಲ ಒರೆಸಿದ್ದು ಅವನ ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೆ ಹೇಳುತ್ತಿರುವವನು ಮೇಸ್ತ್ರಿ. ಎಡಗೈಯನ್ನು ಎತ್ತಿ, ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಒರೆಸಿದ್ದೆ ಅನ್ಕೊಂಡಿದ್ದೆ... ಅವಸರದಲ್ಲಿ ಬಿಟ್ಟಿರ್ಬೇಕು. ಇಷ್ಟು ವರ್ಷ ಕಲಿಸಿದ್ದಕ್ಕೆ ನಿಮ್ಮ ಹೆಸರು ಕೆಡಿಸ್ಬಿಟ್ಟೆ. ತಪ್ಪಾಯ್ತು ಮೇಸ್ತ್ರೀ."

"ಇರ್ಲಿ ಬಿಡು" ಎಂದ ಮೇಸ್ತ್ರಿ.